ರಾಗಿಯಲ್ಲಿ ಕಬ್ಬಿಣವನ್ನು ಕಟ್ಟಿಹಾಕಿದ್ದು ಯಾವುದು? ಪ್ರಯೋಗಾಲಯದಲ್ಲಿ ಪತ್ತೆ ಮಾಡುವ ಬಗೆ

ಬಾಳೆಕಾಯಿ ಹೆಚ್ಚಲು ಕೂರುವ ಮುನ್ನ ನಮ್ಮಮ್ಮ ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಮರೆತ ದಿನ ಬೆರಳ ಸಂದುಗಳೆಲ್ಲ ಕಪ್ಪು. ಈಳಿಗೆಮಣೆಯ ಕಬ್ಬಿಣದ ಅಲಗು ತಾಗಿದ ಹೋಳುಗಳ ಮೇಲೂ ನೀಲಿಗಪ್ಪು ಗೆರೆ ಮೂಡುತ್ತಿತ್ತು. ಮನೆಗೆ ಸ್ಟೀಲ್ ಚಾಕು ಬಂದ ಮೇಲೆ ಆ ಗೆರೆ ಹೋಯಿತು, ಹೋಳು ಮೆಲ್ಲನೆ ಕಂದಾಗುವುದಷ್ಟೇ ಉಳಿಯಿತು. ಬಾಳೆಕಾಯಿಯ ಒಗರಿನ ವಸ್ತುವಾದ ಟ್ಯಾನಿನ್ ಅಲಗಿನ ಕಬ್ಬಿಣವನ್ನು ಹಿಡಿದುಕೊಂಡಾಗ ಹುಟ್ಟುವ ಬಣ್ಣ ಅದು. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಶಾಯಿ ಮಾಡಿಕೊಳ್ಳುತ್ತಿದ್ದವರು ಬರೆಯುತ್ತಿದ್ದುದೂ ಇದೇ ಬಣ್ಣದಲ್ಲಿ.

ತುಮಕೂರಿನ ಒಂದು ಪದವಿ ಕಾಲೇಜಿನ ಜೀವರಸಾಯನ ಪ್ರಯೋಗಾಲಯದಲ್ಲಿ 23 ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಯಾವುದೋ ಸೊಪ್ಪಿನ ಸಾರ ಹಿಡಿದು ಬಂದು, ‘ಮೇಡಂ, ಇದು ಶೇ 92ರಷ್ಟು ಕಬ್ಬಿಣವನ್ನು ಹಿಡಿಯುತ್ತದೆ’ ಎನ್ನುತ್ತಾನೆ. ‘ನಿನ್ನ ನೀರು ಎಷ್ಟು ಹಿಡಿಯುತ್ತದೆ, ಎಷ್ಟು ಕೊಡುತ್ತದೆ?’ ಎಂದು ಕೇಳುತ್ತೇನೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಕಬ್ಬಿಣದ ಪರೀಕ್ಷೆಗಳಲ್ಲಿ ಹೆಚ್ಚಿನ ತಪ್ಪು ಗಿಡದ ಸಾರದಲ್ಲಿ ಇರುವುದಿಲ್ಲ, ನಾವೇ ಗೊತ್ತಿಲ್ಲದೆ ಹೊತ್ತು ತಂದ ಕಬ್ಬಿಣದಲ್ಲಿ ಇರುತ್ತದೆ. ಹಾಗಾಗಿ ಈ ಬರಹದಲ್ಲಿ ಸಾರಕ್ಕಿಂತ ಬ್ಲಾಂಕ್‌ನ ಮಾತೇ ಹೆಚ್ಚು. ಬ್ಲಾಂಕ್ ಎಂದರೆ ಸಾರವನ್ನೋ ಕಾರಕವನ್ನೋ ಬಿಟ್ಟು, ಉಳಿದದ್ದನ್ನೆಲ್ಲ ಹಾಕಿ ಓದುವ ಹೋಲಿಕೆಯ ಪ್ರನಾಳ.

ಮಾದರಿಗೆ ರಾಗಿಯನ್ನೇ ತೆಗೆದುಕೊಳ್ಳೋಣ. 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 4.62 ಮಿ.ಗ್ರಾಂ ಕಬ್ಬಿಣವಿದೆ. ಮುದ್ದೆ ಉಂಡವರಿಗೆ ಅದರಲ್ಲಿ ದಕ್ಕುವುದು ಸ್ವಲ್ಪವೇ. ಕಾಳಿನೊಳಗೆ ಕಬ್ಬಿಣವನ್ನು ಕಟ್ಟಿಹಾಕುವ ಎರಡು ಮುಖ್ಯ ಗುಂಪುಗಳಿವೆ: ಹೊಟ್ಟಿನ ಪದರದಲ್ಲಿರುವ ಟ್ಯಾನಿನ್ ಮುಂತಾದ ಫೀನಾಲ್‌ಗಳು, ಮತ್ತು ರಂಜಕದ ಉಗ್ರಾಣವಾದ ಫೈಟೇಟ್. ಎರಡರ ಸ್ವಭಾವವೂ ಬೇರೆ, ಒಂದೇ ಪರೀಕ್ಷೆಯಲ್ಲಿ ಎರಡನ್ನೂ ಕಾಣಲಾಗದು. ಜಿಪಿಯು-28ರಂಥ ಕಂದು ರಾಗಿಯ ಪಕ್ಕದಲ್ಲಿ ಕೆಎಂಆರ್-340ರಂಥ ಬಿಳಿ ರಾಗಿಯನ್ನು ಇಟ್ಟುಕೊಳ್ಳಿ. ಬಿಳಿಯದರಲ್ಲಿ ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆ, ಫೈಟೇಟ್ ಮಾತ್ರ ಇದ್ದೇ ಇದೆ. ಯಾವ ಪರೀಕ್ಷೆ ಏನನ್ನು ನೋಡುತ್ತಿದೆ ಎಂಬುದು ಈ ಜೋಡಿಯಿಂದಲೇ ತಿಳಿದುಬಿಡುತ್ತದೆ.

ಮೊದಲು ನೀರು, ಗಾಜು, ಒರಳು

ರಾಗಿಯನ್ನು ಗಿರಣಿಗೆ ಕೊಡಬೇಡಿ. ಗಿರಣಿಯ ಲೋಹದ ತಟ್ಟೆಗಳು ಸವೆದು ಹಿಟ್ಟಿಗೆ ಸೇರುವ ಕಬ್ಬಿಣ ನಿಮ್ಮ ಲೆಕ್ಕವನ್ನು ಕೆಡಿಸುತ್ತದೆ. ಕಾಳನ್ನು ಮೂರು ಬಾರಿ ತೊಳೆದು, ಮಣ್ಣು ಕಲ್ಲು ಆರಿಸಿ, ಒಣಗಿಸಿ ಪಿಂಗಾಣಿ ಒರಳಿನಲ್ಲಿ ಅರೆಯಿರಿ. ಕೈ ನೋಯುತ್ತದೆ, ನೋಯಲಿ. ಗಾಜಿನ ಸಾಮಾನುಗಳನ್ನೆಲ್ಲ ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ಬಟ್ಟಿ ಇಳಿಸಿದ ನೀರಿನಲ್ಲಿ ಐದಾರು ಸಲ ಜಾಲಾಡಿಸಿ. ಪುಡಿ ತೆಗೆಯಲು ಪ್ಲಾಸ್ಟಿಕ್ ಚಮಚ ಬಳಸಿ.

ಆಮೇಲೆ ನೀರಿನ ಪರೀಕ್ಷೆ. 10 ಮಿ.ಲೀ. ಬಟ್ಟಿ ನೀರಿಗೆ ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಮತ್ತು ಆಮ್ಲತೆ ತಗ್ಗಿಸಲು ಒಂದಿಷ್ಟು ಸೋಡಿಯಂ ಅಸಿಟೇಟ್ ಹಾಕಿ, ಕೊನೆಗೆ ಕಬ್ಬಿಣ ಸಿಕ್ಕರೆ ಗುಲಾಬಿಯಾಗುವ ಫೆರೋಜಿನ್ ದ್ರಾವಣವನ್ನು ಐದಾರು ಹನಿ ಬಿಡಿ. ಹತ್ತು ನಿಮಿಷದ ಬಳಿಕ ಪ್ರನಾಳವನ್ನು ಬಿಳಿ ಕಾಗದದ ಮೇಲೆ ಹಿಡಿದು ಬಾಯಿಯ ಕಡೆಯಿಂದ ಕೆಳಕ್ಕೆ ನೋಡಿ. ಗುಲಾಬಿಯ ನೆರಳು ಕಂಡರೆ ಆ ನೀರನ್ನು ಚೆಲ್ಲಿ. ಆಸ್ಕಾರ್ಬಿಕ್ ಆಮ್ಲ ಯಾಕೆಂದರೆ, ನೀರಿನಲ್ಲಿರುವ ತುಕ್ಕು ಫೆರಿಕ್ ರೂಪದ್ದು, ಫೆರೋಜಿನ್ ಹಿಡಿಯುವುದು ಫೆರಸ್ ರೂಪವನ್ನು ಮಾತ್ರ (ಕಬ್ಬಿಣ ಮೂರು ಎಲೆಕ್ಟ್ರಾನ್ ಕಳೆದುಕೊಂಡದ್ದು ಫೆರಿಕ್, ಎರಡು ಕಳೆದುಕೊಂಡದ್ದು ಫೆರಸ್). ಆಸ್ಕಾರ್ಬಿಕ್ ಆಮ್ಲ ಫೆರಿಕ್ಕನ್ನು ಫೆರಸ್ ಮಾಡುತ್ತದೆ. ಆಸ್ಕಾರ್ಬಿಕ್ ಹಾಕದೆ ನೋಡಿದರೆ ಕೊಳಕು ನೀರೂ ಚೊಕ್ಕವಾಗಿಯೇ ಕಾಣುತ್ತದೆ. ನಮ್ಮಲ್ಲಿ ಒಮ್ಮೆ ಎರಡು ವಾರ ಅಳತೆಗಳೆಲ್ಲ ತೂಗಾಡಿದವು. ಕೊನೆಗೆ ಸಿಕ್ಕ ಕಳ್ಳ, ನೀರು ತುಂಬಿಡುವ ಕ್ಯಾನಿನ ನಲ್ಲಿಯ ಒಳಬದಿಯಲ್ಲಿದ್ದ ತುಕ್ಕು ಹಿಡಿದ ಒಂದು ನಟ್ಟು. ಆ ನಲ್ಲಿ ಹಾಕಿಸಿದವಳು ನಾನೇ.

ಕಣ್ಣಿನಲ್ಲೇ ನೋಡುವುದು

ಯಂತ್ರದ ಬಳಿ ಹೋಗುವ ಮೊದಲು ಫೆರಿಕ್ ಕ್ಲೋರೈಡ್ ಪರೀಕ್ಷೆ ಮಾಡಿ. ಒಂದು ಗ್ರಾಂ ಹಿಟ್ಟನ್ನು 10 ಮಿ.ಲೀ. ಶೇ 70ರ ಅಸಿಟೋನಿನಲ್ಲಿ ಒಂದು ಗಂಟೆ ಕಲಕಿ ಸೋಸಿ. 2 ಮಿ.ಲೀ. ಸಾರಕ್ಕೆ ಶೇ 1ರ ಫೆರಿಕ್ ಕ್ಲೋರೈಡ್ ಒಂದೇ ಹನಿ. ಎರಡನೆಯ ಹನಿ ಬೇಡ, ಫೆರಿಕ್ ಕ್ಲೋರೈಡಿನ ಸ್ವಂತ ಹಳದಿ ನೀಲಿಯ ಮೇಲೆ ಕೂತು ಎಲ್ಲವನ್ನೂ ಹಸಿರೆಂದು ತೋರಿಸುತ್ತದೆ.

ಹೋಲಿಕೆಗೆ ಎರಡು ಸಾರ ಸಿದ್ಧವಿರಲಿ. ಅಳಲೆಕಾಯಿ ಸಾರ ಹನಿ ಬಿದ್ದ ಕ್ಷಣವೇ ಶಾಯಿಯಂತೆ ನೀಲಿಗಪ್ಪಾಗುತ್ತದೆ. ಅದರಲ್ಲಿರುವುದು ಗ್ಯಾಲಿಕ್ ಆಮ್ಲದ ಕುಲದ ಟ್ಯಾನಿನ್, ಅಕ್ಕಪಕ್ಕ ಮೂರು ಆಮ್ಲಜನಕ-ಜಲಜನಕ ಜೋಡಿಗಳ, ಅಂದರೆ ಹೈಡ್ರಾಕ್ಸಿಲ್‌ಗಳ ಗುಂಪು. ಎಲೆಯಡಿಕೆಗೆ ಹಾಕುವ ಕಾಚಿನ ಸಾರ ಪಾಚಿಯಂಥ ಕಡುಹಸಿರಾಗುತ್ತದೆ. ಅದು ಕ್ಯಾಟೆಚಿನ್ ಕುಲ, ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್. ಕಂದು ರಾಗಿ ಕಾಚಿನ ಕಡೆಗೇ ವಾಲುತ್ತದೆ: ಮಬ್ಬು ಹಸಿರುಗಂದು. ಬಿಳಿ ರಾಗಿಯ ಪ್ರನಾಳದಲ್ಲಿ ಹಳದಿ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಕಾಣದು. ನಾಲ್ಕು ಪ್ರನಾಳಗಳನ್ನು ಕಿಟಕಿಯ ಬೆಳಕಿಗೆ ಸಾಲಾಗಿ ನಿಲ್ಲಿಸಿದರೆ ಅರ್ಧ ಪಾಠ ಮುಗಿದಂತೆ. ಹಸಿರಿಗೂ ನೀಲಿಗೂ ಇರುವ ಈ ವ್ಯತ್ಯಾಸದ ಮೇಲೆಯೇ ಮುಂದಿನ ವಿಧಾನ ನಿಂತಿದೆ.

ಫೀನಾಲ್‌ಗಳ ಅಳತೆ

ಸಾಮಾನ್ಯವಾಗಿ ಎಲ್ಲರೂ ಫೋಲಿನ್ ಪರೀಕ್ಷೆ ಮಾಡಿ ಒಟ್ಟು ಫೀನಾಲ್ ಇಷ್ಟು ಎಂದು ಬರೆದುಬಿಡುತ್ತಾರೆ. ನಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಒಂಟಿ ಹೈಡ್ರಾಕ್ಸಿಲ್ ಇರುವ ಫೀನಾಲ್ ಫೋಲಿನ್‌ನಲ್ಲಿ ಬಣ್ಣ ಕೊಡುತ್ತದೆ, ಕಬ್ಬಿಣವನ್ನು ಹಿಡಿಯಲು ಅದಕ್ಕೆ ಕೈ ಸಾಲದು. ಸ್ವೀಡನ್ನಿನ ಬ್ರೂನ್, ಹಾಲ್‌ಬರ್ಗ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ವಿಧಾನ ನೇರವಾಗಿ ಕಬ್ಬಿಣವನ್ನೇ ಕೊಟ್ಟು ನೋಡುತ್ತದೆ: ಯಾರು ಹಿಡಿದರು, ಯಾವ ಬಣ್ಣದಲ್ಲಿ ಹಿಡಿದರು ಎಂದು.

ಹಿಟ್ಟನ್ನು ತೂಗಿ 50 ಮಿ.ಲೀ. ದ್ರಾವಕದಲ್ಲಿ 16 ಗಂಟೆ ಕಲಕಬೇಕು. ದ್ರಾವಕವೆಂದರೆ ಪಿಎಚ್ 4.4ರ 0.1 ಮೋಲಾರ್ ಅಸಿಟೇಟ್ ಬಫರಿನಲ್ಲಿ ಶೇ 50ರಷ್ಟು ಡೈಮೀಥೈಲ್ ಫಾರ್ಮಮೈಡ್. ಇದು ಚರ್ಮದ ಮೂಲಕವೇ ಒಳಹೋಗಿ ಯಕೃತ್ತನ್ನು ಕೆಡಿಸುವ ವಸ್ತು. ಕೈಗವಸು ಹಾಕಿ, ಹೊಗೆಗೂಡಿನೊಳಗೇ ಕೆಲಸ ಮಾಡಿ. ಮಧ್ಯಾಹ್ನ ಮೂರಕ್ಕೆ ಕಲಕಲು ಇಟ್ಟರೆ ಬೆಳಿಗ್ಗೆ ಏಳಕ್ಕೆ ಸಿದ್ಧ. ನಾನು ಯಾವಾಗಲೂ ಹಾಗೆಯೇ ಇಡುವುದು.

ಕಾರಕವನ್ನು ಆಯಾ ದಿನವೇ ಮಾಡಿಕೊಳ್ಳಿ. ಶೇ 50ರ ಯೂರಿಯಾ ಇರುವ ಅದೇ ಅಸಿಟೇಟ್ ಬಫರ್ 89 ಭಾಗ, ಶೇ 1ರ ಗಮ್ ಅರೇಬಿಕ್ ದ್ರಾವಣ 10 ಭಾಗ, ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಶೇ 5ರ ಫೆರಿಕ್ ಅಮೋನಿಯಂ ಸಲ್ಫೇಟ್ 1 ಭಾಗ. ಅಂಟು ಯಾಕೆಂದು ಕೇಳುವವರಿಗೆ: ಕಬ್ಬಿಣ ಮತ್ತು ಟ್ಯಾನಿನ್ ಕೂಡಿದ ಕಣಗಳು ತಳಕ್ಕೆ ಇಳಿಯದಂತೆ ಅದು ತೇಲಿಸಿ ಹಿಡಿದಿರುತ್ತದೆ. ಹಳೆಯ ಶಾಯಿಗೆ ಅಂಟು ಬೆರೆಸುತ್ತಿದ್ದುದರಲ್ಲೂ ಇದೇ ಉಪಾಯ. ಒಂದು ವರ್ಷ ಗಮ್ ಅರೇಬಿಕ್ ತೀರಿಹೋಗಿ, ಸಂತೆಯಲ್ಲಿ ಸಿಗುವ ಜಾಲಿ ಅಂಟನ್ನೇ ಕರಗಿಸಿ ಹಾಕಿದೆವು. ಬಿಳಿ ರಾಗಿಯೂ, ಬರಿ ದ್ರಾವಕವೂ ಬೂದುಬಣ್ಣಕ್ಕೆ ತಿರುಗಿದವು. ಅಂಟಿನಲ್ಲಿ ತೊಗಟೆಯ ಚೂರುಗಳು ಇದ್ದವು, ಜಾಲಿಯ ತೊಗಟೆಯೆಂದರೆ ಚರ್ಮ ಹದ ಮಾಡುವವರ ಟ್ಯಾನಿನ್. ಶುದ್ಧ ಅಂಟನ್ನೇ ಬಳಸಿ.

2 ಮಿ.ಲೀ. ಸಾರಕ್ಕೆ 8 ಮಿ.ಲೀ. ಕಾರಕ ಸೇರಿಸಿ 15 ನಿಮಿಷ ಬಿಡಿ. 578 ನ್ಯಾನೋಮೀಟರಿನಲ್ಲಿ ಗ್ಯಾಲಿಕ್ ಗುಂಪಿನ ನೀಲಿಯನ್ನೂ 680ರಲ್ಲಿ ಕ್ಯಾಟೆಚಿನ್ ಗುಂಪಿನ ಹಸಿರನ್ನೂ ಓದಿ. ಮೊದಲಿನದಕ್ಕೆ ಟ್ಯಾನಿಕ್ ಆಮ್ಲ, ಎರಡನೆಯದಕ್ಕೆ ಕ್ಯಾಟೆಚಿನ್ ಪ್ರಮಾಣ ದ್ರಾವಣ, ಅಂದರೆ ಹೋಲಿಕೆಗೆಂದು ತೂಗಿ ಮಾಡಿಟ್ಟ ದ್ರಾವಣ. ಎರಡೂ ಬಣ್ಣಗಳು ಒಂದರ ಹೊಲಕ್ಕೆ ಇನ್ನೊಂದು ನುಗ್ಗುತ್ತವೆ. ಆದ್ದರಿಂದ ಎರಡೂ ಪ್ರಮಾಣ ದ್ರಾವಣಗಳನ್ನು ಎರಡೂ ತರಂಗಾಂತರಗಳಲ್ಲಿ ಓದಿಟ್ಟುಕೊಂಡು, ಮಾದರಿಯ ಲೆಕ್ಕವನ್ನು ಎರಡು ಸಮೀಕರಣಗಳಿಂದ ಬಿಡಿಸಿ.

ಇಲ್ಲಿ ಎರಡು ಬ್ಲಾಂಕ್ ಬೇಕು. ಒಂದು, ಸಾರದ ಬದಲು ದ್ರಾವಕ ಹಾಕಿದ್ದು. ಇನ್ನೊಂದು, ಸಾರವಿದ್ದೂ ಕಬ್ಬಿಣವಿಲ್ಲದ ಕಾರಕ ಹಾಕಿದ್ದು. ಕಂದು ರಾಗಿಯ ಸಾರಕ್ಕೆ ತನ್ನದೇ ಬಣ್ಣವಿದೆ. ಎರಡನೆಯ ಬ್ಲಾಂಕನ್ನು ಕಳೆಯದವರು ರಾಗಿಯ ಕಂದನ್ನೂ ಟ್ಯಾನಿನ್ ಎಂದು ಎಣಿಸುತ್ತಾರೆ.

ಫೈಟೇಟ್: ಇಲ್ಲಿ ಬಣ್ಣ ಮಾಸಬೇಕು

ಫೈಟೇಟ್ ಕಬ್ಬಿಣವನ್ನು ಹಿಡಿದರೆ ಬಣ್ಣ ಬರುವುದಿಲ್ಲ. ಹಾಗಾಗಿ ಮೊದಲೇ ಬಣ್ಣವಿರುವ ಕಬ್ಬಿಣವನ್ನು ಕೊಟ್ಟು, ಅದು ಎಷ್ಟು ಮಾಸಿತೆಂದು ನೋಡುತ್ತೇವೆ. ವೇಡ್ ಕಾರಕ ಎಂದು ಹೆಸರು: ಶೇ 0.03 ಫೆರಿಕ್ ಕ್ಲೋರೈಡ್, ಶೇ 0.3 ಸಲ್ಫೋಸ್ಯಾಲಿಸಿಲಿಕ್ ಆಮ್ಲ. ಹುರುಳಿ ಬಸ್ಸಾರಿನ ತಿಳಿಯಂಥ ಕೆನ್ನೇರಳೆ ಬಣ್ಣ. ಇದನ್ನು ಬಳಸುವ ಲಟ್ಟಾ ಮತ್ತು ಎಸ್ಕಿನ್ ವಿಧಾನ 1980ರದು.

ಅರ್ಧ ಗ್ರಾಂ ಹಿಟ್ಟನ್ನು 10 ಮಿ.ಲೀ. ಶೇ 2.4ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ಕುಲುಕಿ, ಸೆಂಟ್ರಿಫ್ಯೂಜ್ ಮಾಡಿ ತಿಳಿ ತೆಗೆಯಿರಿ. ಮೂಲ ವಿಧಾನದಲ್ಲಿ ಈ ತಿಳಿಯನ್ನು ಋಣಅಯಾನು ವಿನಿಮಯದ ರಾಳದ ಕಂಬದ ಮೇಲೆ ಸುರಿಯುತ್ತಾರೆ. 0.1 ಮೋಲಾರ್ ಉಪ್ಪುನೀರು ಬಿಡಿ ಫಾಸ್ಫೇಟನ್ನು ತೊಳೆದು ಹಾಕುತ್ತದೆ, 0.7 ಮೋಲಾರ್ ಉಪ್ಪುನೀರು ಫೈಟೇಟನ್ನು ಕೆಳಗಿಳಿಸುತ್ತದೆ. ರಾಳ ಕೊಳ್ಳಲು ಹಣವಿಲ್ಲದ ನಮ್ಮಂಥವರಿಗೆ ಅಡ್ಡದಾರಿಯೂ ಉಂಟು: ತಿಳಿಗೆ ಒಂದು ಗ್ರಾಂ ಉಪ್ಪು ಹಾಕಿ 20 ನಿಮಿಷ ಕುಲುಕಿ, ತಂಪಿನಲ್ಲಿ ಒಂದು ಗಂಟೆ ಇಟ್ಟು, ತಳಕ್ಕಿಳಿದ ಗಸಿಯನ್ನು ಮತ್ತೆ ಸೆಂಟ್ರಿಫ್ಯೂಜಿನಲ್ಲಿ ಬೇರ್ಪಡಿಸಿ, ತಿಳಿಯನ್ನು 25 ಪಟ್ಟು ತೆಳುಮಾಡುವುದು. ತಳಿಗಳನ್ನು ಹೋಲಿಸಲು ಇದು ಸಾಕು. ಮೊಳಕೆ ಬರಿಸಿದ ರಾಗಿಯಲ್ಲಿ ಬಿಡಿ ಫಾಸ್ಫೇಟ್ ಹೆಚ್ಚಿರುವುದರಿಂದ ಅಲ್ಲಿ ಮಾತ್ರ ಕಂಬವೇ ಬೇಕು.

3 ಮಿ.ಲೀ. ತೆಳುಸಾರಕ್ಕೆ 1 ಮಿ.ಲೀ. ವೇಡ್ ಕಾರಕ ಸೇರಿಸಿ 500 ನ್ಯಾನೋಮೀಟರಿನಲ್ಲಿ ಓದಿ. ಪ್ರತಿ ಮಿ.ಲೀ.ಗೆ 5ರಿಂದ 40 ಮೈಕ್ರೋಗ್ರಾಂ ಸೋಡಿಯಂ ಫೈಟೇಟ್ ಇರುವ ಪ್ರಮಾಣ ದ್ರಾವಣಗಳ ಗೆರೆ ಕೆಳಮುಖವಾಗಿ ಇಳಿಯುತ್ತದೆ. ಮೊದಲ ಸಲ ನೋಡುವ ವಿದ್ಯಾರ್ಥಿಗಳು ಗಾಬರಿಯಾಗಿ ಗ್ರಾಫನ್ನು ತಲೆಕೆಳಗು ಮಾಡುವುದುಂಟು. ಕಂದು ರಾಗಿಯ ಆಮ್ಲಸಾರಕ್ಕೆ ತುಸು ಕೆಂಪು ಛಾಯೆಯಿದ್ದರೆ ಅದೂ 500ರ ಬಳಿಯೇ ಬೆಳಕನ್ನು ಹೀರಿ, ಮಾಸಿದ ಬಣ್ಣವನ್ನು ಮಾಸದಂತೆ ತೋರಿಸುತ್ತದೆ, ಫೈಟೇಟ್ ಇರುವುದಕ್ಕಿಂತ ಕಡಿಮೆಯೆಂದು ಬರುತ್ತದೆ. 3 ಮಿ.ಲೀ. ಸಾರಕ್ಕೆ ಕಾರಕದ ಬದಲು 1 ಮಿ.ಲೀ. ನೀರು ಹಾಕಿದ ಬ್ಲಾಂಕ್ ಇದನ್ನು ಹಿಡಿದುಕೊಡುತ್ತದೆ.

ಬಂದ ಅಂಕಿಯನ್ನು ಕಬ್ಬಿಣದ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅರ್ಥ. 100 ಗ್ರಾಂನಲ್ಲಿ 500 ಮಿ.ಗ್ರಾಂ ಫೈಟಿಕ್ ಆಮ್ಲ ಬಂತೆನ್ನಿ. ಅಣುತೂಕ 660ರಿಂದ ಭಾಗಿಸಿದರೆ 0.76 ಮಿಲಿಮೋಲ್. 4.62 ಮಿ.ಗ್ರಾಂ ಕಬ್ಬಿಣವನ್ನು 55.85ರಿಂದ ಭಾಗಿಸಿದರೆ 0.083. ಒಂದು ಕಬ್ಬಿಣಕ್ಕೆ ಒಂಬತ್ತು ಫೈಟೇಟ್! ದೇಹದೊಳಗೆ ಕಬ್ಬಿಣದ ಹೀರಿಕೆ ಚೆನ್ನಾಗಿರಬೇಕಾದರೆ ಈ ಅನುಪಾತ ಒಂದಕ್ಕಿಂತ ಕೆಳಗಿರಬೇಕು ಎನ್ನುತ್ತಾರೆ ಪೋಷಣಾ ತಜ್ಞರು. ಬಿಳಿ ರಾಗಿ ತಿಂದರೆ ಎಲ್ಲ ಸರಿಹೋಯಿತು ಎಂದುಕೊಂಡವರಿಗೆ ಈ ಲೆಕ್ಕವನ್ನು ತೋರಿಸುತ್ತೇನೆ.

ಫೆರೋಜಿನ್: ಸುಲಭ, ಅದಕ್ಕೇ ಅಪಾಯ

ವಿದ್ಯಾರ್ಥಿಗಳ ‘ಶೇ 92’ ಹುಟ್ಟುವುದು ಇಲ್ಲಿ. ಫೆರೋಜಿನ್ ಫೆರಸ್ ಕಬ್ಬಿಣದೊಡನೆ ಕೂಡಿ ಕಡು ಗುಲಾಬಿ ಬಣ್ಣ ಕೊಡುತ್ತದೆ. ಸಾರವು ಕಬ್ಬಿಣವನ್ನು ಮೊದಲೇ ಹಿಡಿದಿದ್ದರೆ ಬಣ್ಣ ಆ ಮಟ್ಟಿಗೆ ಕಡಿಮೆ.

1 ಮಿ.ಲೀ. ಸಾರ, 3.7 ಮಿ.ಲೀ. ನೀರು, 0.1 ಮಿ.ಲೀ. 2 ಮಿಲಿಮೋಲಾರ್ ಫೆರಸ್ ಕ್ಲೋರೈಡ್. ಕಲಕಿ, ಸ್ವಲ್ಪ ತಡೆದು, 0.2 ಮಿ.ಲೀ. 5 ಮಿಲಿಮೋಲಾರ್ ಫೆರೋಜಿನ್. ಹತ್ತು ನಿಮಿಷದ ಮೇಲೆ 562 ನ್ಯಾನೋಮೀಟರಿನಲ್ಲಿ ಓದಿ. ಸೇರಿಸುವ ಕ್ರಮ ತಪ್ಪಬಾರದು, ಫೆರೋಜಿನ್ ಮೊದಲು ಬಿದ್ದರೆ ಕಬ್ಬಿಣ ಅದರ ಪಾಲಾಗುತ್ತದೆ.

ಇನ್ನು ಹೆಚ್ಚಿನವರು ನೋಡದೆ ಬಿಡುವ ಅಂಕಿಯೊಂದಿದೆ: ಸಾರವಿಲ್ಲದ ನಿಯಂತ್ರಣ ಪ್ರನಾಳ ಬೆಳಕನ್ನು ಹೀರುವ ಪ್ರಮಾಣ, ಅಂದರೆ ಹೀರುವಿಕೆ. ಈ ಅಳತೆಯಲ್ಲಿ ಕಬ್ಬಿಣ 40 ಮೈಕ್ರೋಮೋಲಾರ್ ಆಗುತ್ತದೆ, ಫೆರೋಜಿನ್ ಸಂಕೀರ್ಣದ ಮೋಲಾರ್ ಹೀರುವಿಕೆ 27,900. ಗುಣಿಸಿದರೆ 1.12. ನಿಮ್ಮ ನಿಯಂತ್ರಣ ಅದರ ಆಸುಪಾಸಿನಲ್ಲಿ ಇರಬೇಕು. ಹೆಚ್ಚಿದ್ದರೆ ಎಲ್ಲಿಂದಲೋ ಕಬ್ಬಿಣ ಬಂದಿದೆ. ಕಡಿಮೆಯಿದ್ದರೆ ಫೆರಸ್ ದ್ರಾವಣ ಗಾಳಿಗೆ ಹಳಸಿ ಫೆರಿಕ್ ಆಗಿದೆ.

ಹಳಸಿದ ದ್ರಾವಣದ ಆಟವನ್ನು ನೆಲ್ಲಿಕಾಯಿ ನನಗೆ ಕಲಿಸಿತು. ಒಂದು ಸೋಮವಾರ, ಹಿಂದಿನ ವಾರದ ಫೆರಸ್ ಕ್ಲೋರೈಡನ್ನೇ ಬಳಸಿದ್ದೆವು, ತುಸು ಹಳದಿಗೆ ತಿರುಗಿತ್ತು. ನಿಯಂತ್ರಣ 0.82, ನೆಲ್ಲಿಕಾಯಿ ಸಾರದ ಪ್ರನಾಳ 0.97. ನಿಯಂತ್ರಣಕ್ಕಿಂತ ಬಣ್ಣ ಶೇಕಡಾ ಎಷ್ಟು ಕಡಿಮೆಯೆಂಬ ಸೂತ್ರಕ್ಕೆ ಹಾಕಿದರೆ ಕಬ್ಬಿಣ ಹಿಡಿಯುವ ಶಕ್ತಿ ಋಣ 18! ಹುಡುಗಿ ಆ ಋಣ ಚಿಹ್ನೆಯನ್ನು ಮೆಲ್ಲನೆ ಅಳಿಸುತ್ತಿದ್ದಳು, ಸಿಕ್ಕಿಬಿದ್ದಳು. ನೆಲ್ಲಿಕಾಯಿಯ ಅಪಕರ್ಷಕಗಳು ಹಳಸಿದ ಫೆರಿಕ್ಕನ್ನು ಮತ್ತೆ ಫೆರಸ್ ಮಾಡಿ ಫೆರೋಜಿನ್‌ಗೆ ಒಪ್ಪಿಸಿದ್ದವು. ಚಿಹ್ನೆ ಅಳಿಸಿದ್ದರೆ ಆ ಪಾಠವೂ ಅಳಿಸಿಹೋಗುತ್ತಿತ್ತು. ಫೆರಸ್ ದ್ರಾವಣವನ್ನು ಬಳಸುವ ಗಂಟೆಯಲ್ಲೇ ಮಾಡಿ. ವರದಿಯಲ್ಲಿ ಬರಿ ಶೇಕಡಾ ಬರೆಯದೆ ನಿಯಂತ್ರಣದ ಹೀರುವಿಕೆಯನ್ನೂ ಬರೆಯಿರಿ. ಪಕ್ಕದಲ್ಲಿ ಲೋಹಗಳನ್ನು ಬಿಗಿಯಾಗಿ ಹಿಡಿಯುವ ಇಡಿಟಿಎಯ ಪ್ರಮಾಣ ದ್ರಾವಣಗಳನ್ನು ನಡೆಸಿ, ಒಂದು ಗ್ರಾಂ ಹಿಟ್ಟು ಎಷ್ಟು ಮಿ.ಗ್ರಾಂ ಇಡಿಟಿಎಗೆ ಸಮವೆಂದು ಹೇಳಿ. ಸಾರವನ್ನು ಗಟ್ಟಿ ಮಾಡುತ್ತ ಹೋದರೆ ಶೇ 92 ಯಾವ ಸೊಪ್ಪಿನಿಂದಲೂ ಬರಬಹುದು.

ಇಷ್ಟಾದರೂ ಫೆರೋಜಿನ್ ಬಲವಾದ ಪೈಪೋಟಿದಾರ. ಸಡಿಲವಾಗಿ ಹಿಡಿದವರ ಕೈಯಿಂದ ಕಬ್ಬಿಣವನ್ನು ಕಸಿದುಕೊಳ್ಳುತ್ತದೆ. ಈ ಪರೀಕ್ಷೆಯಲ್ಲಿ ಸೋತ ಸಾರ ಕಬ್ಬಿಣವನ್ನು ಹಿಡಿಯುವುದೇ ಇಲ್ಲ ಎನ್ನಲಾಗದು.

ಬೇರಿನ ಕಡೆಯಿಂದ

ಕಾಳಿನಲ್ಲಿ ಕಬ್ಬಿಣವನ್ನು ಬಂಧಿಸುವ ಹುಲ್ಲಿನ ಕುಲವೇ ಬೇರಿನಲ್ಲಿ ಕಬ್ಬಿಣವನ್ನು ಕರಗಿಸಿ ತರುವ ಅಣುಗಳನ್ನೂ ಮಣ್ಣಿಗೆ ಬಿಡುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಬಾರ್ಲಿಯ ಬೇರಿನಿಂದ ಬೇರ್ಪಡಿಸಿದ ಇಂಥ ಅಣುವಿಗೆ ಮುಗಿನೆಯಿಕ್ ಆಮ್ಲ ಎಂದು ಹೆಸರು. ಬಾರ್ಲಿಗೆ ಜಪಾನಿಯರು ‘ಮುಗಿ’ ಎನ್ನುತ್ತಾರೆ. ಕಲಿಯುವವರು ಬಾರ್ಲಿ ಅಥವಾ ಗೋಧಿಯಿಂದಲೇ ಶುರುಮಾಡಿ, ಅವು ಧಾರಾಳಿಗಳು. ಪೋಷಕ ದ್ರಾವಣದಲ್ಲಿ ಬೆಳೆಸಿ, ಕಬ್ಬಿಣ ನಿಲ್ಲಿಸಿ, ಎಳೆಯ ಎಲೆಯ ನರಗಳ ನಡುವೆ ಹಳದಿ ಕಾಣುವವರೆಗೆ ಕಾಯಿರಿ. ಸಸಿ ಈ ಅಣುಗಳನ್ನು ಬಿಡುವುದು ಮುಖ್ಯವಾಗಿ ಬೆಳಗಿನ ಹೊತ್ತು, ಸೂರ್ಯೋದಯವಾದ ಕೆಲವು ಗಂಟೆಗಳಲ್ಲಿ. ಮಧ್ಯಾಹ್ನದ ಪ್ರಾಯೋಗಿಕ ತರಗತಿಯಲ್ಲಿ ಸಂಗ್ರಹಿಸಿದರೆ ಬರಿ ನೀರು ಸಿಗುತ್ತದೆ. ಬೇರನ್ನು ಬಟ್ಟಿ ನೀರಿನಲ್ಲಿ ತೊಳೆದು, ಹೊಸ ಬಟ್ಟಿ ನೀರಿನಲ್ಲಿ ಮೂರು ಗಂಟೆ ಇಟ್ಟು, ಸೋಸಿ ತಕ್ಷಣ ಘನೀಕರಿಸಿ. ಇಲ್ಲವಾದರೆ ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ.

ಶ್ವಿನ್ ಮತ್ತು ನೀಲ್ಯಾಂಡ್ಸ್ 1987ರಲ್ಲಿ ಕೊಟ್ಟ ಕ್ರೋಮ್ ಅಜುರಾಲ್ ಎಸ್ ಪರೀಕ್ಷೆ, ಬಣ್ಣದಿಂದ ಕಬ್ಬಿಣವನ್ನು ಕಸಿದಾಗ ನೀಲಿ ಹೋಗಿ ಕಿತ್ತಳೆ ಬರುವುದು, ಬ್ಯಾಕ್ಟೀರಿಯಾಗಳ ಬಲವಾದ ಅಣುಗಳಿಗೆ ಹೇಳಿಮಾಡಿಸಿದ್ದು. ಬೇರಿನ ಅಣುಗಳ ಹಿಡಿತ ಅಷ್ಟು ಬಿಗಿಯಲ್ಲ. ಮೇಲಾಗಿ ಪೋಷಕ ದ್ರಾವಣದ ಫಾಸ್ಫೇಟ್ ಉಳಿದಿದ್ದರೂ ನೀಲಿ ಮಾಸುತ್ತದೆ. ನನ್ನ ಆಯ್ಕೆ ಬೇರೆ: ಆಗ ತಾನೇ ಗಸಿಗಟ್ಟಿಸಿದ ಫೆರಿಕ್ ಹೈಡ್ರಾಕ್ಸೈಡಿನೊಂದಿಗೆ ಬೇರಿನ ತೊಳೆನೀರನ್ನು ಎರಡು ಗಂಟೆ ಕುಲುಕಿ, ಸೂಕ್ಷ್ಮ ಸೋಸುಕದಲ್ಲಿ ಸೋಸಿ, ಕರಗಿ ಬಂದ ಕಬ್ಬಿಣವನ್ನು ಹೈಡ್ರಾಕ್ಸಿಲಮೀನ್‌ನಿಂದ ಅಪಕರ್ಷಿಸಿ ಫೆರೋಜಿನ್‌ನಲ್ಲಿ ಅಳೆಯುವುದು. ಜೊತೆಯಲ್ಲಿ ಬರಿ ನೀರನ್ನೂ ಅಷ್ಟೇ ಹೊತ್ತು ಕುಲುಕಿ, ಅಷ್ಟೇ ಸೋಸಿ ಓದಬೇಕು. ಕಬ್ಬಿಣ ಸಾಕಷ್ಟು ಕೊಟ್ಟು ಬೆಳೆಸಿದ ಸಸಿಗಳ ತೊಳೆನೀರು ಇನ್ನೊಂದು ಹೋಲಿಕೆ.

ತೊಳೆಯುವಾಗ

ಟ್ಯಾನಿನ್ ಮತ್ತು ಕಬ್ಬಿಣದ ಕರೆ ಸೋಪಿಗೆ ಜಗ್ಗುವುದಿಲ್ಲ. ಅಮ್ಮ ಬೆರಳಿಗೆ ಹುಣಸೆಹಣ್ಣು ತಿಕ್ಕುತ್ತಿದ್ದರು. ಪ್ರನಾಳಗಳಿಗೆ ತೆಳು ಆಕ್ಸಾಲಿಕ್ ಆಮ್ಲ ಸಾಕು, ಕೈಗವಸು ಮರೆಯಬೇಡಿ. ಆದರೆ ಆಕ್ಸಾಲಿಕ್ ತಾನೂ ಕಬ್ಬಿಣವನ್ನು ಹಿಡಿಯುವ ವಸ್ತು. ಚೂರು ಉಳಿದರೆ ನಾಳೆಯ ನಿಯಂತ್ರಣ 1.12 ತಲುಪುವುದಿಲ್ಲ. ಅದಕ್ಕೇ ಆಕ್ಸಾಲಿಕ್ ಆದ ಮೇಲೆ ಹೈಡ್ರೋಕ್ಲೋರಿಕ್, ಹೈಡ್ರೋಕ್ಲೋರಿಕ್ ಆದ ಮೇಲೆ ನೀರು, ಕೊನೆಯ ಜಾಲಾಟದ ನೀರಿಗೆ ಮತ್ತೆ ಫೆರೋಜಿನ್ ಪರೀಕ್ಷೆ. ಅದರ ಓದನ್ನು ದಿನಾಂಕದ ಜೊತೆ ಗೋಡೆಯ ಮೇಲಿನ ಹಾಳೆಯಲ್ಲಿ ಬರೆದ ನಂತರವೇ ನಮ್ಮಲ್ಲಿ ಏಪ್ರನ್ ಬಿಚ್ಚುವುದು.